ಎರಡು ತಿರುವಿನ ಲೆಕ್ಕ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಇಪ್ಪತ್ತೆರಡು ವರ್ಷದಿಂದ ಗಾಡಿಗಳ ಹೊಟ್ಟೆಯಡಿಗೆ ಮಲಗಿದವನು ನಾನು.
ಮುಖ ನೋಡಿ ಮಣೆ ಹಾಕುವ ಅಭ್ಯಾಸವಿಲ್ಲ;
ಕೆಳಗಿನಿಂದ ಎಲ್ಲವೂ ಕಬ್ಬಿಣ, ಗ್ರೀಸು, ಊರಿನ ಕೆಸರು.

ಆದರೂ ಆ ಮಂಗಳವಾರ ಚಹಾದಂಗಡಿಯಲ್ಲಿ ಮಾತೆದ್ದಿತು:
ಫಿಲೋಮಿನಾ ಟೀಚರ ಹಳೇ ಫೋರ್ಡು
ಕ್ರಷರ್ ತೀರ್ಥಪ್ಪನವರ ಜರ್ಮನ್ ಗಾಡಿಗೆ ಸಾಟಿಯೇ?
"ಅಜಗಜಾಂತರ" ಎಂದ ಟಿಂಕರ್ ಬಾಷಾ.
"ಅಜ ಘಟ್ಟ ಹತ್ತುತ್ತದೆ ಬಾಷಾ," ಎಂದರು ಟೀಚರು,
"ಗಜವನ್ನು ಸಕ್ರೆಬೈಲಲ್ಲಿ ಕಟ್ಟಿ ಹಾಕಿದ್ದಾರೆ."

ಅಮೆರಿಕದ ಕಂಪನಿ ಅಂಗಡಿ ಮುಚ್ಚಿ ಹೋದ ಮೇಲೆ
ಆ ಫೋರ್ಡಿಗೆ ದಿಕ್ಕು ದೆಸೆ ಎರಡೂ ನಾನೇ.
ಬುಷ್ ಸಿಗದಿದ್ದರೆ ಲೇತಿನಲ್ಲಿ ಕಡೆಯುತ್ತೇನೆ,
ಬಾಗಿಲ ಹಿಡಿ ಭದ್ರಾವತಿಯ ಗುಜರಿಯಿಂದ,
ಹಾರ್ನು ಯಾರದ್ದೋ ಟೆಂಪೋದ್ದು.
ಜರ್ಮನ್ನಿನ ಒಂದು ಸೆನ್ಸರ್ ಮುನಿಸಿಕೊಂಡರೆ
ಲ್ಯಾಪ್‌ಟಾಪ್ ಹೊತ್ತ ಹುಡುಗ ಮಂಗಳೂರಿನಿಂದ ಬರಬೇಕು;
ಬಂದು, ನನ್ನ ಕಡೆ ನೋಡದೆ, ಅದರ ಜೊತೆ ಮಾತಾಡಿ ಹೋಗುತ್ತಾನೆ.

ಭಾನುವಾರ, ಆಗುಂಬೆ. ತೀರ್ಪು ನನ್ನದಂತೆ.
ಇಳಿಯುವಾಗ ಟೀಚರ ಪಕ್ಕ, ಹತ್ತುವಾಗ ಜರ್ಮನ್ನಿನಲ್ಲಿ.

ಮಂಡಗದ್ದೆಯಿಂದಲೇ ಟೀಚರು ಶುರು.
ಮೂವತ್ತು ವರ್ಷ ಹುಡುಗಿಯರಿಗೆ ರೇಖಾಗಣಿತ ಹೇಳಿದ ಕೈ,
ಹೊರಗಂಚಿನಿಂದ ಒಳಗಂಚಿಗೆ
ಕೈವಾರ ಇಟ್ಟು ಎಳೆದಂತೆ ಸ್ಟೇರಿಂಗ್ ತಿರುಗುತ್ತದೆ.
ಮುಂದಿನ ಚಕ್ರ ಎಳೆಯುವ ಗಾಡಿ ಅದು, ಎತ್ತಿನ ಹಾಗೆ:
ಕೊಂಚ ಏದುಸಿರು, ಕೊಂಚ ದೂರು, ಆದರೆ ನಿಲ್ಲುವುದಿಲ್ಲ.
ಏಳನೇ ತಿರುವಿನಲ್ಲಿ ಬ್ರೇಕ್ ಸುಟ್ಟ ವಾಸನೆ ಬಂತೆಂದುಕೊಂಡೆ.
ಅಲ್ಲ, ಅದು ನನ್ನ ಹೆದರಿಕೆ.

ಹಿಂದೆ ಜರ್ಮನ್ ಗಾಡಿ ಕಾಣಲೇ ಇಲ್ಲ.
ಘಟ್ಟದ ಬುಡದಲ್ಲಿ ನಾವು ಎರಡು ಚಹಾ ಕುಡಿದ ಮೇಲೆ ಬಂತು,
ದಿಬ್ಬಣ ಬಂದ ಹಾಗೆ.
ಗೆದ್ದೆವು ಅಂತ ನಾನು ಏಳುವಷ್ಟರಲ್ಲಿ
ಹಿಂದಿನ ಬಾಗಿಲು ತೆರೆಯಿತು:
ಅಂಗೈಯಲ್ಲಿ ಹಿಂಡಿಹೋದ ನಿಂಬೆಹಣ್ಣು, ಬಿಳಿಚಿದ ಮುಖ,
ತೀರ್ಥಪ್ಪನವರು.
ಘಟ್ಟ ಅವರಿಗೆ ಆಗದು. ಮುಳ್ಳು ನಲವತ್ತು ದಾಟಬಾರದೆಂದು ಅಪ್ಪಣೆ.
ಓಡಿಸಲೆಂದೇ ಹುಟ್ಟಿದ ಗಾಡಿಯ ಹಿಂದಿನ ಸೀಟಲ್ಲಿ
ಮೂರು ವರ್ಷದಿಂದ ಕೂತೇ ಇದ್ದಾರೆ ಧಣಿ.

ಅವರು ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗಿದರು.
ಡ್ರೈವರ್ ಗುತ್ಯಪ್ಪ ನನ್ನನ್ನು ನೋಡಿದ. ನಾನು ಅವನನ್ನು.
"ಎರಡೇ ತಿರುವು ಅಣ್ಣ, ಮೇಲ್ ಹೋಗಿ ತಿರುಗಿಸ್ಕಂಡ್ ಬರಾಣ."

ಎರಡು ತಿರುವು.
ಏನು ಹೇಳಲಿ.
ಮೊದಲನೆಯದರಲ್ಲಿ ಬೆನ್ನ ಹಿಂದೆ ಯಾರೋ ಉಯ್ಯಾಲೆ ತಳ್ಳಿದರು,
ಎರಡನೆಯದರಲ್ಲಿ ಡಾಂಬರು ತಾನೇ ಬಾಗಿ ದಾರಿ ಬಿಟ್ಟಿತು.
ಗುತ್ಯಪ್ಪ ನಗಲಿಲ್ಲ, ಮಾತಾಡಲಿಲ್ಲ;
ಸಂಬಳದ ಅಂಗಿಯೊಳಗೆ ಬೇರೊಬ್ಬ ಮನುಷ್ಯ ಕೂತಿದ್ದ.
ವಾಪಸು ಬರುವಾಗ ಮತ್ತೆ ಮೂವತ್ತೈದು.
ಗಾಜು ಒರೆಸುವ ಬಟ್ಟೆಯಲ್ಲೇ ಹಣೆ ಒರೆಸಿಕೊಂಡ.

"ಹೇಗಿತ್ತು?" ಟೀಚರು.
"ನಿಮ್ಮದೂ ಚೆನ್ನಾಗಿದೆ ಟೀಚರ್."
"ನಾನು ಕೇಳಿದ್ದು ಅಂಕ, ಸಮಾಧಾನ ಅಲ್ಲ."
"ಹತ್ತಕ್ಕೆ ಆರೂವರೆ."
"ಅದಕ್ಕೆ?"
"ಒಂಬತ್ತು. ಇಲ್ಲ, ಒಂಬತ್ತೂಕಾಲು."
"ಬೆಲೆ ಎಷ್ಟು ಪಟ್ಟು?"
"ಎಂಟು."

ಫೋರ್ಡಿನ ಬಾನೆಟ್ಟಿನ ಧೂಳಿನಲ್ಲಿ
ಟೀಚರು ಬೆರಳಿನಿಂದ ಭಾಗಾಕಾರ ಹಾಕಿದರು, ಅಡಿಗೆರೆ ಎಳೆದರು,
ಬೆರಳನ್ನು ಸೆರಗಿಗೆ ಒರೆಸಿಕೊಂಡರು.
ತೀರ್ಥಪ್ಪನವರೂ ಎದ್ದು ಬಂದು ಓದಿ ತಲೆದೂಗಿದರು.
ಲೆಕ್ಕ ಅವರಿಗೂ ಗೊತ್ತು, ಜಲ್ಲಿ ಅಳೆದು ಮಾರಿದವರು.

ಗುತ್ಯಪ್ಪ ಮಾತ್ರ ಆ ಅಂಕಿಗಳನ್ನು ಬಹಳ ಹೊತ್ತು ನೋಡಿದ.
ಆಮೇಲೆ ಮೆಲ್ಲಗೆ, ಧಣಿಗೆ ಕೇಳಿಸದ ಹಾಗೆ:
"ಟೀಚರ್, ಆ ಎರಡು ತಿರುವನ್ನ
ಇದ್ರಲ್ಲಿ ಎಲ್ಲಿ ಸೇರ್ಸಿದೀರಿ?"